ಇದ್ದಿಲಿಗೆ ದಾನಿಗಳಿಲ್ಲ

ಮೊದಲ ಪಾಳಿಯ ರೋಗಿಗಳು ಒಳಗೆ ಬರುವ ಮುಂಚೆ ನೀರು ಪರೀಕ್ಷಿಸುವುದು ನನ್ನ ಕೆಲಸ. ಡಯಾಲಿಸಿಸ್ ಎಂದರೆ ಜನರಿಗೆ ಮೆಷಿನ್ ಕಾಣುತ್ತದೆ, ಕೊಳವೆಯಲ್ಲಿ ಓಡುವ ರಕ್ತ ಕಾಣುತ್ತದೆ. ಗೋಡೆಯ ಹಿಂದಿರುವ ನೀರಿನ ಕೋಣೆ ಯಾರಿಗೂ ಕಾಣುವುದಿಲ್ಲ. ಒಬ್ಬ ರೋಗಿಗೆ ಒಂದು ಸಲಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ಆ ನೀರಿಗೂ ಅವನ ರಕ್ತಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪೊರೆ. ನಲ್ಲಿ ನೀರಿನ ಕ್ಲೋರಿನ್ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಆ ಪೊರೆ ದಾಟಿದರೆ ರಕ್ತಕಣಗಳನ್ನು ಒಡೆದು ಹಾಕುತ್ತದೆ. ಹಾಗಾಗದಿರಲೆಂದು ಆಳೆತ್ತರದ ಎರಡು ಟ್ಯಾಂಕುಗಳಲ್ಲಿ ಇದ್ದಿಲಿನ ಹರಳು ತುಂಬಿ, ನೀರನ್ನು ಅದರ ಮೂಲಕ ಹಾಯಿಸುತ್ತೇವೆ. ಇದ್ದಿಲು ಕ್ಲೋರಿನ್ನನ್ನು ಹೀರುತ್ತದೆ. ಹೀರಿ ಹೀರಿ ಒಂದು ದಿನ ಸಾಕಾಗುತ್ತದೆ.

ಆ ಬೆಳಿಗ್ಗೆ ಸಣ್ಣ ಸೀಸೆಯಲ್ಲಿ ನೀರು ಹಿಡಿದು, ಮಾತ್ರೆ ಹಾಕಿ ಅಲ್ಲಾಡಿಸಿದೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು, ಎಂದರೆ ಕ್ಲೋರಿನ್ ಉಳಿದಿದೆ. ಸೀಸೆ ತೊಳೆದು ಮತ್ತೆ ಹಿಡಿದೆ. ಮತ್ತೂ ಗುಲಾಬಿ.

ಆಗ ನಾನಿದ್ದದ್ದು ತುಮಕೂರಿನ ಅಂಚಿನಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಕೇಂದ್ರದಲ್ಲಿ. ನಾನು ಟೆಕ್ನಿಷಿಯನ್, ರೋಗಿಗಳು ಮಾತ್ರ ಸಿಸ್ಟರ್ ಎನ್ನುತ್ತಾರೆ, ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಾಗಿಲ ಮೇಲೆ 'ಸಂಪೂರ್ಣ ಉಚಿತ' ಎಂಬ ದೊಡ್ಡ ಬೋರ್ಡು. ಮೆಷಿನ್ನಿಗೆ ಹಾಕುವುದು ಉಚಿತ, ನಿಜ. ರಕ್ತ ಹೆಚ್ಚಿಸುವ ಇಂಜೆಕ್ಷನ್, ತಿಂಗಳ ಪರೀಕ್ಷೆಗಳು, ಬಸ್ಸು, ಆಟೋ, ಜೊತೆಗೆ ಬಂದವರು ಕಳೆದುಕೊಂಡ ಕೂಲಿ, ಇದೆಲ್ಲ ಮನೆಯವರ ಕೈಯಿಂದಲೇ. ಅದೂ ಒಂದು ಸಲದ್ದಲ್ಲ. ವಾರದಲ್ಲಿ ಎರಡೋ ಮೂರೋ ಸಲ, ಬದುಕಿರುವ ತನಕ. ಸರ್ಕಾರಿ ಆಸ್ಪತ್ರೆಯ ಹಾಸಿಗೆಗಳು ಯಾವಾಗಲೂ ತುಂಬಿರುತ್ತಿದ್ದುದರಿಂದ, ಸರದಿಯಲ್ಲಿದ್ದವರು ಆ ಬೋರ್ಡನ್ನು ನಂಬಿ ನಮ್ಮಲ್ಲಿಗೆ ಬರುತ್ತಿದ್ದರು.

ಅವತ್ತು ಬೆಂಚಿನ ಮೇಲೆ ಎಂದಿನ ಮೂವರು ಮೊದಲೇ ಬಂದು ಕೂತಿದ್ದರು. ಗುಬ್ಬಿಯ ನಿವೃತ್ತ ಬಸ್ ಕಂಡಕ್ಟರ್, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ರೋಗಿ, ಮಾತುಗಾರ. ಕುಣಿಗಲ್ಲಿನ ಟೈಲರ್, ರವಿಕೆ ಹೊಲಿಯುವುದರಲ್ಲಿ ಹೆಸರಾದವನು, ನಲವತ್ತು ದಾಟಿರಲಿಲ್ಲ. ಮೂರನೆಯವಳು ಗುಬ್ಬಿಯಿಂದಾಚೆ ಕಡಬದ ಅಂಗನವಾಡಿ ಸಹಾಯಕಿ. ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಹೆಂಡತಿಯನ್ನು ಅದೇ ಆಟೋದಲ್ಲಿ, ಬಾಡಿಗೆಯ ತೆಂಗಿನಕಾಯಿ ಮೂಟೆಗಳ ಜೊತೆಗೆ ಕರೆತಂದು ಬಿಡುತ್ತಿದ್ದ.

"ಇವತ್ತು ಸ್ವಲ್ಪ ತಡ ಆಗುತ್ತೆ" ಎಂದು ಹೇಳಿ ಕಾರ್ಯದರ್ಶಿಗೆ ಫೋನು ಮಾಡಿದೆ. ಟ್ರಸ್ಟಿನ ಕಾರ್ಯದರ್ಶಿ ಕೊಬ್ಬರಿ ಮಂಡಿಯ ವ್ಯಾಪಾರಿ. ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ದಾಸೋಹ. ಇದ್ದಿಲು ಬದಲಿಸಬೇಕೆಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೆ.

"ಇಷ್ಟ್ ದಿನ ಏನೂ ಆಗಿಲ್ವಲ್ಲಮ್ಮ, ಇವತ್ತೇನಾಗ್ಬಿಡುತ್ತೆ?"

"ಇವತ್ತು ಬಣ್ಣ ಬಂದಿದೆ ಸಾರ್."

"ತಿಳಿ ಬಣ್ಣಾನೋ, ಗಾಢಾನೋ?"

ಸೀರೆ ಅಂಗಡಿಯಲ್ಲಿ ಕೇಳಿದ ಹಾಗೆ ಕೇಳಿದರು. ಬಣ್ಣ ಯಾವುದಾದರೂ ಮೆಷಿನ್ ಹಾಕುವಂತಿಲ್ಲ ಎಂದೆ. "ನೋಡ್ಕೊಂಡು ಮಾಡಮ್ಮ, ಪೇಷೆಂಟ್ಸ್‌ಗೆ ತೊಂದ್ರೆ ಆಗ್ಬಾರ್ದು" ಎಂದು ಇಟ್ಟುಬಿಟ್ಟರು. ತೊಂದರೆ ಯಾವುದು, ಹಾಕುವುದೋ ಹಾಕದಿರುವುದೋ, ಅದನ್ನು ಮಾತ್ರ ಹೇಳಲಿಲ್ಲ.

ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುವ ಡಾಕ್ಟರಿಗೆ ಮಾಡಿದೆ. ಅವರು ತಕ್ಷಣ, "ಹಾಕ್ಬೇಡಿ. ನೀವು ಮಾಡಿದ್ದೇ ಸರಿ" ಎಂದರು.

"ಅದನ್ನೇ ಒಂದು ಮೆಸೇಜ್ ಹಾಕಿ ಸಾರ್, ಕಾರ್ಯದರ್ಶಿಗಳಿಗೆ ತೋರಿಸ್ತೀನಿ."

"ನೋಡಮ್ಮ, ನಾನು ವಿಸಿಟಿಂಗು. ಅವರ ಮೇಂಟೆನೆನ್ಸ್ ವಿಷಯಕ್ಕೆ ನನ್ನ ಎಳೀಬೇಡಿ."

ಸರಿ, ಕೈಯಲ್ಲಾಗುವುದನ್ನು ಮಾಡೋಣ ಎಂದು ನೀರಿನ ಕೋಣೆಗೆ ಹೋದೆ. ವಾಲ್ವುಗಳನ್ನು ತಿರುಗಿಸಿ ಇದ್ದಿಲಿನ ಟ್ಯಾಂಕಿಗೆ ಕೆಳಗಿನಿಂದ ನೀರು ನುಗ್ಗಿಸಿದೆ. ಒತ್ತಿ ಕೂತಿದ್ದ ಹರಳು ಸಡಿಲವಾಗಿ, ಕೊಳೆಯೆಲ್ಲ ಮೇಲೆದ್ದು ಚರಂಡಿಗೆ ಹೋಯಿತು. ಬಹಳ ಹೊತ್ತು ತೊಳೆದ ಮೇಲೆ ಮತ್ತೆ ಪರೀಕ್ಷಿಸಿದೆ. ಬಣ್ಣ ಬರಲಿಲ್ಲ. ಮಧ್ಯೆ ಮಧ್ಯೆ ಪರೀಕ್ಷಿಸುತ್ತಲೇ ಅವತ್ತಿನವರಿಗೆ ಹೇಗೋ ಮುಗಿಸಿದೆ. ಮರುದಿನ ಬೆಳಿಗ್ಗೆ ಸೀಸೆ ಮತ್ತೆ ಗುಲಾಬಿ. ಈ ಸಲ ತೊಳೆದರೂ ಹೋಗಲಿಲ್ಲ. ಇದ್ದಿಲು ಸತ್ತಿತ್ತು.

ಕ್ಲೋರಿನ್ ಇಲ್ಲದ ನೀರು ತಂದರೆ ಹೇಗೆ ಎಂದು ಬೋರ್‌ವೆಲ್ ನೀರಿನ ಟ್ಯಾಂಕರು ತರಿಸಿದೆ. ಸೀಸೆಯಲ್ಲಿ ಬಣ್ಣವೇನೋ ಬರಲಿಲ್ಲ. ಆದರೆ ಆ ನೀರು ಸುಣ್ಣದ ಹಾಗೆ ಗಡುಸು. ನಮ್ಮ ಮೆದುಗೊಳಿಸುವ ಟ್ಯಾಂಕಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಮುಂದಿನ ಶುದ್ಧೀಕರಣ ಯಂತ್ರದ ಮೀಟರಿನಲ್ಲಿ ಅಂಕಿ ಏರುತ್ತಾ ಹೋಗಿ ಅಲಾರಾಂ ಕೂಗಿಕೊಂಡಿತು. ಸ್ವಿಚ್ ಆರಿಸಿ ಹೊರಗೆ ಬಂದು, "ಇವತ್ತು ಆಗಲ್ಲ. ಎಲ್ಲಾದ್ರೂ ಬೇರೆ ಕಡೆ ಮಾಡಿಸ್ಕೊಳ್ಳಿ, ಬಿಡಬೇಡಿ" ಎಂದೆ. ಹೇಳುವಾಗಲೇ ಆ ಮಾತು ಎಷ್ಟು ಸುಲಭದ್ದು ಎಂದು ನಾಚಿಕೆಯಾಯಿತು. ಬೇರೆ ಕಡೆ ಎಂದರೆ ಖಾಸಗಿ.

ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಒಂದು ವ್ಯಾನು ಬಂದು ನಿಂತಿತ್ತು. ನಮ್ಮಲ್ಲಿ ನೀರು ಕೆಟ್ಟಿದೆ ಎಂಬ ಸುದ್ದಿ ಖಾಸಗಿ ಕೇಂದ್ರದ ಏಜೆಂಟನಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ನೀಟಾಗಿ ಇನ್‌ಶರ್ಟ್ ಮಾಡಿಕೊಂಡಿದ್ದ ಅವನು ಸ್ವೀಟ್ ಬಾಕ್ಸ್ ಹಿಡಿದು ಸೀದಾ ನನ್ನ ಹತ್ತಿರ ಬಂದ.

"ನೀವೇನೂ ಟೆನ್ಶನ್ ಮಾಡ್ಕೋಬೇಡಿ ಮೇಡಂ. ಎಲ್ಲಾರ್ನೂ ನಾವು ನೋಡ್ಕೋತೀವಿ. ಇನ್ನೊಂದು ಸ್ವಲ್ಪ ದಿನ ಹಿಂಗೇ ಇದ್ರೆ... ನಿಮ್ದು ಪೇಷೆಂಟ್ ಲೆಕ್ಕದಲ್ಲಿ ಬರುತ್ತೆ."

ಆ ಮಾತು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಾನು ನೀರು ಸರಿ ಮಾಡದಿದ್ದಷ್ಟೂ ನನಗೆ ಲಾಭ ಎಂದು ಅವನು ಹೇಳುತ್ತಿದ್ದ, ಅದೂ ನಗುತ್ತಾ, ನನ್ನ ಹಿತಕ್ಕಾಗಿ ಎಂಬಂತೆ. ಬಾಕ್ಸನ್ನು ಅವನ ಕೈಗೇ ಕೊಟ್ಟು ಗೇಟಿನಿಂದ ಆಚೆ ಹೋಗಲು ಹೇಳಿದೆ. ಅವನು ಹೋದ. ಆದರೆ ವ್ಯಾನು ಗೇಟಿನ ಆಚೆಯೇ ನಿಂತಿತು, ನನ್ನ ರೋಗಿಗಳು ಒಬ್ಬೊಬ್ಬರಾಗಿ ಅದನ್ನೇ ಹತ್ತಿದರು. ಹತ್ತಬೇಡಿ ಎನ್ನುವ ಹಾಗೂ ಇರಲಿಲ್ಲ.

ಕಡಬದವಳು ಹತ್ತಲಿಲ್ಲ. ಎಲ್ಲರೂ ಹೋಗುವವರೆಗೆ ಕಾದು ಒಳಗೆ ಬಂದಳು.

"ಸಿಸ್ಟರ್, ನಂಗೆ ಎರಡೇ ಗಂಟೆ ಹಾಕಿ ಸಾಕು. ಅದೇ ನಲ್ಲಿ ನೀರಲ್ಲಿ ಹಾಕಿ. ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಅಂತ ಬರ್ಕೊಡ್ತೀನಿ."

"ಬರ್ಕೊಟ್ರೆ ರಕ್ತ ಕೇಳುತ್ತೇನಕ್ಕ? ಕಣ ಒಡ್ದೋಗುತ್ತೆ. ಎದೆ ಹಿಡ್ಕೊಳ್ಳುತ್ತೆ, ಉಸಿರು ಸಿಗಲ್ಲ. ನನ್ನ ಕಣ್ಣೆದುರೇ ಹೋಗ್ಬಿಡ್ತೀರ."

"ಅಲ್ಲಿ ಒಂದ್ ಸಲಕ್ಕೆ ಎಷ್ಟಾಗುತ್ತೆ ಗೊತ್ತಾ ಸಿಸ್ಟರ್? ಮೆಷಿನ್ನಿಗೆ ಬ್ಯಾರೆ, ಆ ಫಿಲ್ಟರಿಗೆ ಬ್ಯಾರೆ, ಹಾಸಿಗೆಗೆ ಬ್ಯಾರೆ. ಬಿಪಿಎಲ್ ಕಾರ್ಡ್ ತೋರ್ಸಿದ್ರೆ ಇಲ್ಲಿ ನಡೆಯಲ್ಲ ಅಂತಾರಂತೆ. ನಮ್ಮೆಜಮಾನ್ರು ಆಟೋ ಮಾರ್ತೀನಿ ಅಂತಾವ್ರೆ. ಆಟೋ ಮಾರಿದ್ರೆ ಆಮೇಲೆ ನಾವು ಉಣ್ಣೋದೇನು?"

ನಾನು ಆಗುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. "ನಿಮ್ದೇನು ತಪ್ಪು ಬುಡಿ" ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ಗುಬ್ಬಿ ಬಸ್ಸಿಗೆ ಹೋಗುತ್ತಾಳೋ ವ್ಯಾನಿಗೆ ಹೋಗುತ್ತಾಳೋ ಎಂದು ಕಿಟಕಿಯಿಂದ ನೋಡಿದೆ. ವ್ಯಾನಿನತ್ತ ಹೋದಳು. ಸದ್ಯ ಎನಿಸಿತು. ಆ ವ್ಯಾನನ್ನು ಕಂಡು ಸದ್ಯ ಎನ್ನುವ ಸ್ಥಿತಿಗೆ ಬಂದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಕಾರ್ಯದರ್ಶಿಯನ್ನು ಅವರ ಮಂಡಿಯಲ್ಲೇ ಹೋಗಿ ಕಂಡೆ. ಕೊಬ್ಬರಿ ಮೂಟೆಗಳ ನಡುವೆ ದಿಂಬಿಗೆ ಒರಗಿ ಕೂತಿದ್ದರು. ಕಾಫಿ ತರಿಸಿದರು.

"ಇದ್ದಿಲು ಹಾಕ್ಸೋಣಮ್ಮ, ಯಾರು ಬೇಡ ಅಂದ್ರು? ಮೂರು ಕೊಟೇಶನ್ ಬರ್ಲಿ, ಕಮಿಟಿ ಮುಂದೆ ಇಡೋಣ. ಹೆಂಗಿದ್ರೂ ಎರಡು ಹೊಸ ಮೆಷಿನ್ ಬರ್ತಾ ಇದಾವೆ. ದೊಡ್ಡ ಫಂಕ್ಷನ್ ಇದೆ. ಅದು ಮುಗೀಲಿ."

"ನೀರೇ ಇಲ್ದೆ ಹೊಸ ಮೆಷಿನ್ ತಗೊಂಡು ಏನ್ಮಾಡೋದು ಸಾರ್? ಆ ಮೆಷಿನ್ ಕೊಡೋರನ್ನೇ ಕೇಳಿ, ಒಂದು ಮೆಷಿನ್ ದುಡ್ಡಲ್ಲಿ ಎಷ್ಟೋ ಸಲ ಇದ್ದಿಲು ಬದಲಾಯಿಸ್ಬಹುದು."

ಕಾರ್ಯದರ್ಶಿ ನಕ್ಕರು. ಕೆಟ್ಟದಾಗಿಯಲ್ಲ, ಮಗುವಿಗೆ ಲೋಕಜ್ಞಾನ ಹೇಳಿಕೊಡುವ ಹಾಗೆ. "ಮೆಷಿನ್ ಕೊಟ್ರೆ ಮೇಲೊಂದು ಪ್ಲೇಟ್ ಹಾಕ್ಬಹುದು ಕಣಮ್ಮ. ತಂದೆ ತಾಯಿ ಸ್ಮರಣಾರ್ಥ ಅಂತ. ಇದ್ದಿಲಿನ ಮೇಲೆ ಎಲ್ಲಿ ಹೆಸರು ಬರೀಲಿ? ಇದ್ದಿಲಿಗೆ ಯಾರೂ ದಾನ ಕೊಡಲ್ಲ."

ಕಾಫಿ ಲೋಟ ಹಾಗೇ ಇಟ್ಟು ಎದ್ದೆ. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

ಆ ಮೂರು ಕೊಟೇಶನ್ನಿಗೆಂದು ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ನೀರಿನ ಫಿಲ್ಟರ್ ಘಟಕಗಳನ್ನು ಜೋಡಿಸುವ ಒಂದು ಸಣ್ಣ ವರ್ಕ್‌ಶಾಪು ಸಿಕ್ಕಿತು. ಅದರ ಮಾಲೀಕ ನನ್ನ ಕೈಯಿಂದ ಟ್ಯಾಂಕಿನ ಅಳತೆ ಬರೆಸಿಕೊಂಡು, ಯಾವ ಕೆಲಸಕ್ಕೆ ಎಂದು ಕೇಳಿದ. ಹೇಳಿದೆ.

"ಹಂಗಾದ್ರೆ ಮಾಮೂಲಿ ಇದ್ದಿಲು ಬೇಡ. ಆಸಿಡ್‌ನಲ್ಲಿ ತೊಳೆದಿರೋದು ಹಾಕ್ಬೇಕು. ತೆಂಗಿನ ಚಿಪ್ಪಿಂದು. ಚಿಪ್ಪು ನಮ್ ಜಿಲ್ಲೇದೇ ಮೇಡಂ, ಆಚೆ ಹೋಗಿ ಇದ್ದಿಲಾಗಿ ವಾಪಸ್ ಬರುತ್ತೆ."

ಅವನು ಹೇಳಿದ ಬೆಲೆ ಕೇಳಿ ಇನ್ನೊಮ್ಮೆ ಕೇಳಿದೆ. ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು. ಎರಡು ಟ್ಯಾಂಕಿಗೂ ಸೇರಿ, ಕೂಲಿಯೂ ಸೇರಿ, ಒಂದು ಮನೆಯವರು ಆ ವ್ಯಾನಿನವರ ಕೈಗೆ ಒಂದು ತಿಂಗಳಲ್ಲಿ ಸುರಿಯುವ ದುಡ್ಡಿಗಿಂತ ಕಡಿಮೆ. ಒಂದು ಮನೆಯವರು. ನಮ್ಮಲ್ಲಿ ಅಂಥ ಮನೆಗಳು ಮೂವತ್ತಕ್ಕೂ ಹೆಚ್ಚಿದ್ದವು.

ಇನ್ನೆರಡು ಕಡೆಯದನ್ನೂ ಸೇರಿಸಿ ಕೊಟೇಶನ್ ಕಳಿಸಿದೆ. ವಾರಗಳು ಕಳೆದರೂ ಉತ್ತರ ಬರಲಿಲ್ಲ. ಬಂದದ್ದು ಫ್ಲೆಕ್ಸ್ ಕಟ್ಟುವವರು, ಗೇಟಿನ ಅಳತೆ ತೆಗೆದುಕೊಳ್ಳಲು.

ಅವರು ಅಳತೆ ತೆಗೆಯುತ್ತಿರುವಾಗಲೇ ಕುಣಿಗಲ್ಲಿನ ಟೈಲರ್ ಬಂದ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಹೋಗಿತ್ತು. ಎರಡು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಂಡ.

"ಎಷ್ಟ್ ಸಲ ಮಾಡ್ಸಿದ್ರಿ ಅಲ್ಲಿ?"

"ವಾರಕ್ಕೊಂದೇ ಸಿಸ್ಟರ್. ಅಂಚು ಹೊಲಿಯೋ ಓವರ್‌ಲಾಕ್ ಮೆಷಿನ್ ಮಾರ್ಬಿಟ್ಟೆ. ಹೊಲಿಯೋದೊಂದು ಇಟ್ಕೊಂಡಿದೀನಿ. ಅದನ್ನೂ ಕೇಳ್ತಾವ್ರೆ. ನೀವು ಶುರು ಮಾಡ್ತೀರ ಅಂದ್ರೆ ಇಟ್ಕೋತೀನಿ, ಇಲ್ಲ ಅಂದ್ರೆ ಹೇಳ್ಬಿಡಿ, ಇವತ್ತೇ ಕೊಟ್ಟು ಹೋಗ್ತೀನಿ."

ನಾನು ಅವನಿಗೆ ಏನು ಹೇಳಬೇಕು? ಫಂಕ್ಷನ್ ಮುಗಿಯಲಿ ಎಂದೇ? ಮೊದಲು ಅವನನ್ನು ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಯಾಲಿಸಿಸ್ ಟೆಕ್ನಿಷಿಯನ್ ನನ್ನ ಜೊತೆ ಓದಿದವಳು. ಅವನ ಸ್ಥಿತಿ ನೋಡಿ ಎರಡು ಪಾಳಿಗಳ ನಡುವೆ ಜಾಗ ಮಾಡಿ ಹಾಕಿದಳು. ಹೊರಗೆ ಕಾರಿಡಾರಿನಲ್ಲಿ ಕೂತಿದ್ದಾಗ ನಾನು ಒಂದು ತೀರ್ಮಾನಕ್ಕೆ ಬಂದೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ರೋಗಿಗಳ ಹತ್ತಿರ ಒಂದು ರೂಪಾಯಿಯನ್ನೂ ಮುಟ್ಟಬಾರದು ಎಂದು ಕೆಲಸಕ್ಕೆ ಸೇರಿದ ದಿನದಿಂದ ಇಟ್ಟುಕೊಂಡಿದ್ದ ನೇಮವನ್ನು ಬಿಟ್ಟೆ. ಗುಬ್ಬಿಯ ಕಂಡಕ್ಟರಿಗೆ ಫೋನು ಮಾಡಿದೆ. ಇದ್ದಿಲಿನ ಬೆಲೆ ಹೇಳಿದೆ.

ಅವರು ಇನ್ನೊಮ್ಮೆ ಹೇಳಿಸಿಕೊಂಡರು.

"ಇಷ್ಟೇನಾ?" ಎಂದರು. ಆಮೇಲೆ ಬೈದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, "ಕಲೆಕ್ಷನ್ ನಂಗೆ ಬುಡಿ. ಜೀವಮಾನ ಪೂರ್ತಿ ಅದೇ ಕೆಲಸ ಮಾಡಿರೋದು. ಇಲ್ದೋರ ಹತ್ರ ಕೇಳಲ್ಲ, ಇರೋರ್ನ ಬುಡಲ್ಲ" ಎಂದರು.

ಹಾಗೇ ಮಾಡಿದರು. ನಾನೂ ಕೊಟ್ಟೆ, ಹೇಳಿಕೊಳ್ಳುವಷ್ಟಲ್ಲ. ಕಾರ್ಯದರ್ಶಿಗೆ, ಇದ್ದಿಲು ಬದಲಿಸುತ್ತಿದ್ದೇವೆ, ಟ್ರಸ್ಟಿಗೆ ಖರ್ಚಿಲ್ಲ ಎಂದು ತಿಳಿಸಿದೆ. ಕೊಟೇಶನ್ನಿಗೆ ಬಾರದ ಉತ್ತರ ಇದಕ್ಕೆ ಕೂಡಲೇ ಬಂತು. "ಬಹಳ ಸಂತೋಷ ಕಣಮ್ಮ. ಶರಣು."

ಭಾನುವಾರ ಸತ್ಯಮಂಗಲದ ಮಾಲೀಕ ಒಬ್ಬ ಕೆಲಸಗಾರನ ಜೊತೆ ತಾನೇ ಬಂದ. ರೋಗಿಗಳ ಮನೆಯ ಗಂಡಸರು ಹೆಂಗಸರು ಬಂದಿದ್ದರು. ಟ್ಯಾಂಕಿನ ತಲೆ ಬಿಚ್ಚಿ, ಒಳಗಿನ ಕೊಳವೆ ಎಳೆದು, ಹಳೆಯ ಇದ್ದಿಲನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಿದರು. ಕೆಸರಿನ ವಾಸನೆ ಹೊಡೆಯುತ್ತಿತ್ತು. ತಳಕ್ಕೆ ತೊಳೆದ ಜಲ್ಲಿ, ಅದರ ಮೇಲೆ ಹೊಸ ಹರಳು. ತುಂಬಿ ನೀರು ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟೆವು. ಒಳಗಿನ ಗಾಳಿಯೆಲ್ಲ ಹೋಗದಿದ್ದರೆ ನೀರು ಇದ್ದಿಲನ್ನು ಮುಟ್ಟದೆ ಸಂದಿಯಲ್ಲೇ ನುಸುಳಿಬಿಡುತ್ತದೆ. ಮರುದಿನ ತೊಳೆದದ್ದೇ ತೊಳೆದದ್ದು. ಮೊದಲು ಮಸಿಯಂಥ ನೀರು, ಆಮೇಲೆ ಬೂದಿ ಬಣ್ಣ, ಆಮೇಲೆ ತಿಳಿ. ಮುಂದಿನ ಯಂತ್ರಕ್ಕೆ ಹಾಯಿಸಿ, ಮೆಷಿನ್‌ಗಳವರೆಗಿನ ಕೊಳವೆಗೆಲ್ಲ ಕ್ರಿಮಿ ಕೊಲ್ಲುವ ಔಷಧಿ ಬಿಟ್ಟು, ಅದರ ಅಂಶ ಉಳಿಯದ ಹಾಗೆ ಮತ್ತೆ ತೊಳೆದೆ. ಸೀಸೆಗೆ ಮಾತ್ರೆ ಹಾಕಿದೆ. ಬಣ್ಣವಿಲ್ಲ. ಇನ್ನೆರಡು ಸಲ ನೋಡಿದೆ. ಡಾಕ್ಟರಿಗೆ ಫೋಟೋ ಕಳಿಸಿದೆ. ಸರಿ, ಶುರು ಮಾಡಿ ಎಂದರು, ಅದನ್ನೂ ಬಾಯಲ್ಲೇ.

ಶುರು ಮಾಡುತ್ತಿದ್ದೇವೆ ಎಂದು ಎಲ್ಲರಿಗೂ ಫೋನು ಮಾಡುತ್ತಾ ಹೋದೆ. ಕಡಬದ ನಂಬರಿಗೆ ಗಂಡ ಎತ್ತಿದ.

"ನಾಳೆಯಿಂದ ಬನ್ನಿ, ನೀರು ಸರಿಯಾಯ್ತು. ಮೊದಲನೇ ಪಾಳೀಲೇ ಹಾಕ್ತೀನಿ ಅಂತ ಅಕ್ಕಂಗೆ ಹೇಳಿ."

"ಇನ್ಯಾಕೆ ಸಿಸ್ಟರ್" ಎಂದ.

ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಅವನೇ ಹೇಳಿದ. ಎರಡು ಸಲ ಹೋಗಿದ್ದಳು, ಆಮೇಲೆ ಒಲ್ಲೆ ಎಂದಳು. "ಆಟೋ ಮಾರ್ತೀನಿ ಅಂದೆ, ಬ್ಯಾಡ ಅಂದ್ಳು. ಮಗಳ ನರ್ಸಿಂಗ್ ಫೀಸಿಗೆ ಇಟ್ಟಿದ್ವಲ್ಲ, ಅದನ್ ತೆಗೀತೀನಿ ಅಂದೆ. ಅದನ್ ಮುಟ್ಟಿದ್ರೆ ನನ್ನಾಣೆ ಅಂದ್ಳು. ಉಸಿರು ಕಟ್ಟಿದ್ ದಿವ್ಸ ಅದೇ ಆಟೋದಲ್ಲಿ ಮಲಗಿಸ್ಕೊಂಡ್ ಬಂದೆ ಸಿಸ್ಟರ್. ಗುಬ್ಬಿ ದಾಟ್ಲಿಲ್ಲ."

ಆ ನೀರಿನಲ್ಲಿ ಹಾಕಿದ್ದರೆ ನನ್ನ ಕೈಯಲ್ಲೇ ಹೋಗುತ್ತಿದ್ದಳು. ನನಗೆ ಅದರಲ್ಲಿ ಅನುಮಾನವಿಲ್ಲ. ನಾಳೆ ಅಂಥದ್ದೇ ಬೆಳಿಗ್ಗೆ ಬಂದರೆ ಮತ್ತೆ ಆಗುವುದಿಲ್ಲ ಎಂದೇ ಹೇಳುತ್ತೇನೆ. ಇಷ್ಟು ಗೊತ್ತಿದ್ದೂ ಆ ಸಂಜೆ ಮರಳೂರಿನ ನನ್ನ ಮನೆಗೆ ಹೋಗಿ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟೆ. ಅವಳ ಪ್ರಾಣಕ್ಕೆ ಎದುರಾಗಿ ನಿಂತದ್ದು ಒಂದು ದೊಡ್ಡ ಕಾಯಿಲೆಯೋ ಸಿಗಲಾರದ ಔಷಧಿಯೋ ಆಗಿದ್ದರೆ ಅಳಬಹುದಿತ್ತು. ಇದ್ದಿಲು ಎಂದರೆ ಅಳುವೂ ಬರಲಿಲ್ಲ.

ಫಂಕ್ಷನ್ ನಡೆಯಿತು. ಹೊಸ ಮೆಷಿನ್‌ಗಳಿಗೆ ಹೂವಿನ ಹಾರ. ಫ್ಲೆಕ್ಸಿನಲ್ಲಿ ಕೊನೆಗೊಂದು ಸಾಲು ಸೇರಿತ್ತು, 'ನವೀಕೃತ ನೀರು ಶುದ್ಧೀಕರಣ ಘಟಕದ ಲೋಕಾರ್ಪಣೆ'. ಕಾರ್ಯಕ್ರಮಕ್ಕೆ ಮುಂಚೆ ಕಾರ್ಯದರ್ಶಿ ಒಳಗೆ ಬಂದರು. ಅವತ್ತು ಅವರ ಮನಸ್ಸು ಬಹಳ ಉದಾರವಾಗಿತ್ತು. ಹಾಸಿಗೆಯ ಮೇಲಿದ್ದ ಕಂಡಕ್ಟರ್ ಹತ್ತಿರ ನಿಂತು, "ಇದ್ದಿಲಿಗೆ ದುಡ್ಡು ಕೊಟ್ಟೋರ ಹೆಸ್ರೆಲ್ಲ ಕೊಡಿ. ದಾನಿಗಳು ಅಂತ ಸ್ಟೇಜ್ ಮೇಲೆ ಓದಿಸ್ತೀವಿ. ನೀವೂ ದಾಸೋಹದಲ್ಲಿ ಭಾಗಿಯಾದ್ರಿ" ಎಂದರು.

ಕಂಡಕ್ಟರ್ ಸೂಜಿ ಚುಚ್ಚಿದ್ದ ಕೈಯನ್ನು ಅಲ್ಲಾಡಿಸದೆ, ಕತ್ತು ಮಾತ್ರ ತಿರುಗಿಸಿದರು.

"ದಾನ ಅಂತ ಬರೀಬ್ಯಾಡಿ ಸ್ವಾಮಿ. ನಾನು ದಾನ ಕೊಟ್ಟಿಲ್ಲ, ಟಿಕೆಟ್ ತಗೊಂಡಿದೀನಿ. ಫ್ರೀ ಬಸ್ಸು ಅಂತ ಬೋರ್ಡ್ ನಿಮ್ದು, ಡೀಸೆಲ್ ಹಾಕ್ಸಿದ್ದು ನಾವು. ಒಬ್ಳು ಅರ್ಧ ದಾರೀಲೇ ಇಳಿದ್ಬುಟ್ಳು. ಅವಳ ಹೆಸ್ರು ಓದಿಸ್ತೀರಾ?"

ಕಾರ್ಯದರ್ಶಿಗೆ ಅದು ಯಾರ ವಿಷಯ ಎಂದು ತಿಳಿಯಲಿಲ್ಲ. ನಿಜವಾಗಿಯೂ ತಿಳಿಯಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. "ವಯಸ್ಸಾದೋರು" ಎಂದು ನನ್ನ ಕಡೆ ನೋಡಿ ನಕ್ಕು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ನಿಸ್ವಾರ್ಥ ಸೇವೆ, ಶಾಲು, ಸನ್ಮಾನ. ನಾನು ಆಗಷ್ಟೇ ಟೈಲರನ ಕೈಯಿಂದ ಸೂಜಿಗಳನ್ನು ತೆಗೆದಿದ್ದೆ. ಅವನ ಊತ ಇಳಿದಿತ್ತು. ಹೊಲಿಯುವ ಮೆಷಿನ್ ಉಳಿದಿತ್ತು, ಓವರ್‌ಲಾಕ್ ಕೆಲಸವನ್ನು ಪಕ್ಕದ ಅಂಗಡಿಗೆ ಕೊಟ್ಟು ಮಾಡಿಸುತ್ತಿದ್ದ. ಸೂಜಿ ಕಿತ್ತ ಜಾಗವನ್ನು ಹತ್ತಿಯಲ್ಲಿ ಒತ್ತಿ ಹಿಡಿದಿದ್ದೆ.

ಎರಡನೆಯ ಸಲ ಹೆಸರು ಕೂಗಿದರು.

"ನಿಮ್ಮನ್ನೇ ಕರೀತಾವ್ರೆ ಸಿಸ್ಟರ್" ಎಂದ. "ಹೋಗ್ಬನ್ನಿ, ನಾನೇ ಒತ್ತಿಟ್ಕೋತೀನಿ."

"ಕೈ ಬಿಟ್ರೆ ರಕ್ತ ಬರುತ್ತೆ. ಸುಮ್ನೆ ಮಲಗಿ" ಎಂದೆ.

ಮೂರನೆಯ ಸಲವೂ ಕೂಗಿದರು. ಆಮೇಲೆ ಮುಂದಿನ ಹೆಸರಿಗೆ ಹೋದರು.